ಒಂದು ರತ್ತಲು ಜೋಳ: ತುತ್ತಿನ ಅಳತೆಯೂ ಜನರ ಆರೋಗ್ಯವೂ

ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಆಹಾರ ಸಾಕು? ಈ ಪ್ರಶ್ನೆ ಮನೆಯಲ್ಲಿ ಎದ್ದಾಗ ಅದಕ್ಕೆ ಉತ್ತರ ಕೊಡುವವಳು ತಾಯಿ. ಉಣ್ಣುವವನ ಮುಖ ನೋಡಿ, ಅವನು ಹೊಲದಿಂದ ಬಂದನೋ ಹಾಸಿಗೆಯಿಂದ ಎದ್ದು ಬಂದನೋ ಎಂಬುದನ್ನು ತಿಳಿದು, "ಇನ್ನೊಂದು ರೊಟ್ಟಿ ಹಾಕ್ಲೇನು?" ಎಂದು ಕೇಳುವ ಅವಳ ಕೈಗೆ ತಕ್ಕಡಿ ಬೇಕಿಲ್ಲ. ಆದರೆ ಇದೇ ಪ್ರಶ್ನೆ ಒಂದು ಸರ್ಕಾರದ ಮುಂದೆ ಬಂದಾಗ ಉತ್ತರವು ಅಂಕಿಯ ರೂಪದಲ್ಲಿಯೇ ಬರಬೇಕಾಗುತ್ತದೆ. ಲಕ್ಷಾಂತರ ಜನರ ಮುಖ ನೋಡಿ ಬಡಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಹೀಗೆ ಕಾಗದದ ಮೇಲೆ ಬರೆದ ಒಂದು ಅಂಕಿಯು ಎಷ್ಟೋ ಜನರ ಬದುಕನ್ನು ಉಳಿಸಬಹುದು, ಇಲ್ಲವೇ ಮೆಲ್ಲನೆ ಕರಗಿಸಬಹುದು. ಸುಮಾರು ನೂರೈವತ್ತು ವರ್ಷಗಳ ಹಿಂದೆ ಗೋಳಗುಮ್ಮಟದ ಸುತ್ತಲಿನ ನಾಡು ಇಂಥದೊಂದು ಅಂಕಿಯ ನೆರಳಿನಲ್ಲಿ ಬದುಕಬೇಕಾಯಿತು. ಆ ಕಥೆಯನ್ನು ಇಂದು ನೆನೆಯುವುದು ಗತಕಾಲದ ಕುತೂಹಲಕ್ಕಾಗಿ ಮಾತ್ರವಲ್ಲ. ನಮ್ಮ ಮಕ್ಕಳ ಶಾಲೆಯ ತಟ್ಟೆಗೂ ನಮ್ಮ ಮನೆಯ ಊಟದ ತಟ್ಟೆಗೂ ಅದರಿಂದ ಕಲಿಯಬೇಕಾದ ಪಾಠವಿದೆ.

ಜೋಳದ ನಾಡು, ಬರದ ನಾಡು

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಭೂಮಿ ಬಹುಪಾಲು ಎರೆಮಣ್ಣಿನದು. ಮಳೆ ಬಿದ್ದ ವರ್ಷ ಆ ಮಣ್ಣು ತನ್ನೊಳಗೆ ನೀರನ್ನು ಹಿಡಿದಿಟ್ಟುಕೊಂಡು, ಚಳಿಗಾಲದ ಇಬ್ಬನಿಯಲ್ಲಿಯೇ ಬಿಳಿಜೋಳವನ್ನು ತೆನೆಗಟ್ಟಿಸುತ್ತದೆ. ಡೋಣಿ ನದಿ ಹರಿದರೆ ಓಣಿ ತುಂಬ ಜೋಳ ಎಂಬ ಅರ್ಥದ ಗಾದೆ ಈ ಸೀಮೆಯಲ್ಲಿ ಹುಟ್ಟಿದ್ದು ಸಹಜವೇ ಆಗಿದೆ. ಆದರೆ ಮಳೆ ಕೈಕೊಟ್ಟರೆ ಅದೇ ನೆಲ ಆಳವಾಗಿ ಬಿರಿಯುತ್ತದೆ. ಇಂದು ಏತ ನೀರಾವರಿಯ ಕಾಲುವೆಗಳು ಬಂದಿವೆ, ತಿಕೋಟಾದ ಸುತ್ತ ದ್ರಾಕ್ಷಿಯ ತೋಟಗಳು ಹಬ್ಬಿವೆ. ಹತ್ತೊಂಬತ್ತನೆಯ ಶತಮಾನದಲ್ಲಾದರೋ ಆದಿಲ್‌ಶಾಹಿಗಳ ಕಾಲದ ಕೆಲವು ಕೆರೆಗಳು ಮತ್ತು ಬಾವಿಗಳನ್ನು ಬಿಟ್ಟರೆ ಆಕಾಶವೊಂದೇ ಜನರಿಗೆ ಆಸರೆಯಾಗಿತ್ತು.

ಬರ ಈ ನಾಡಿಗೆ ಹೊಸದಾಗಿರಲಿಲ್ಲ. 1791-92ರ ಬರವನ್ನು ಇಲ್ಲಿಯ ಜನ ತಲೆಬುರುಡೆಗಳ ಬರವೆಂದು ತಲೆಮಾರುಗಳವರೆಗೆ ನೆನಪಿಟ್ಟುಕೊಂಡಿದ್ದರು. ಸತ್ತವರನ್ನು ಹೂಳುವವರೂ ಇಲ್ಲದೆ ಬಯಲಿನಲ್ಲಿ ಬುರುಡೆಗಳು ಬಿದ್ದಿದ್ದವು ಎಂಬ ನೆನಪೇ ಆ ಹೆಸರಿಗೆ ಕಾರಣ. ಅನಂತರ ಬಂದ ದೊಡ್ಡ ಆಪತ್ತು 1876ರಿಂದ 1878ರವರೆಗಿನ ಮಹಾಕ್ಷಾಮ. ಆಗ ಈ ಪ್ರದೇಶವು ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿತ್ತು. ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಬಹುಭಾಗವನ್ನು ಒಳಗೊಂಡಿದ್ದ ಆ ಜಿಲ್ಲೆಯ ಕಚೇರಿಗಳು 1880ರ ದಶಕದಲ್ಲಿಯಷ್ಟೇ ವಿಜಯಪುರಕ್ಕೆ ಬಂದವು. 1876ರಲ್ಲಿ ಮುಂಗಾರೂ ಹಿಂಗಾರೂ ಎರಡೂ ಕೈಕೊಟ್ಟವು. ಜೋಳದ ಬೆಲೆ ಏರುತ್ತ ಹೋಯಿತು, ದನಗಳು ಸತ್ತವು, ಕುಟುಂಬಗಳು ಗುಳೆ ಹೊರಟವು. ಮುಂಬಯಿ ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿ ಕಲಾದಗಿ ಸೇರಿಹೋಯಿತು.

ಒಂದು ಅಂಕಿಯ ಹುಟ್ಟು

1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ಮಹಾದರ್ಬಾರು ನಡೆಸಿ, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದರು. ರಾಜಮಹಾರಾಜರು ನೆರೆದ ಆ ದಿನಗಳಲ್ಲಿ ಔತಣಗಳಿಗೆ ಕೊರತೆಯಿರಲಿಲ್ಲ. ಅದೇ ದಿನಗಳಲ್ಲಿ ದಕ್ಷಿಣದ ಕ್ಷಾಮದ ವರದಿಗಳು ವೈಸರಾಯರ ಮೇಜಿನ ಮೇಲೆ ರಾಶಿಯಾಗುತ್ತಿದ್ದವು. ಪರಿಹಾರದ ವೆಚ್ಚ ಮಿತಿಮೀರುತ್ತಿದೆ ಎಂಬ ಆತಂಕದಿಂದ ಸರ್ಕಾರವು ಸರ್ ರಿಚರ್ಡ್ ಟೆಂಪಲ್ ಎಂಬ ಹಿರಿಯ ಅಧಿಕಾರಿಯನ್ನು ಕ್ಷಾಮಪೀಡಿತ ಪ್ರಾಂತ್ಯಗಳಿಗೆ ತನ್ನ ಪ್ರತಿನಿಧಿಯಾಗಿ ಕಳುಹಿಸಿತು.

ಟೆಂಪಲ್ ಅವರ ಹಿಂದಿನ ಅನುಭವ ಇಲ್ಲಿ ಗಮನಾರ್ಹವಾಗಿದೆ. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಬರ್ಮಾದಿಂದ ಭಾರೀ ಪ್ರಮಾಣದಲ್ಲಿ ಅಕ್ಕಿಯನ್ನು ತರಿಸಿ, ಹಸಿವಿನ ಸಾವು ಬಹುತೇಕ ಇಲ್ಲದಂತೆ ನೋಡಿಕೊಂಡವರು ಅವರೇ. ಆದರೆ ಅದಕ್ಕೆ ಅವರಿಗೆ ದೊರೆತದ್ದು ಮೆಚ್ಚುಗೆಯಲ್ಲ. ಸರ್ಕಾರದ ಹಣವನ್ನು ದುಂದುಮಾಡಿದರೆಂಬ ಟೀಕೆಯನ್ನು ಅವರು ಕೇಳಬೇಕಾಯಿತು. ಆ ಟೀಕೆಯ ನೋವು ಹೊತ್ತ ವ್ಯಕ್ತಿಯು ಮೂರೇ ವರ್ಷಗಳ ನಂತರ, ಮಿತವ್ಯಯದ ಆದೇಶವನ್ನು ಕೈಯಲ್ಲಿ ಹಿಡಿದು ದಕ್ಷಿಣಕ್ಕೆ ಬಂದಾಗ ನಡೆದದ್ದು ಚರಿತ್ರೆಯ ಕಹಿ ಅಧ್ಯಾಯಗಳಲ್ಲೊಂದು.

ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಪುರುಷನೊಬ್ಬನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಕೊಳ್ಳುವಷ್ಟು ಹಣ, ಅದರ ಮೇಲೆ ಸ್ವಲ್ಪ ಚಿಲ್ಲರೆ ಕಾಸು ಸಾಕು ಎಂದು ಟೆಂಪಲ್ ನಿರ್ಧರಿಸಿದರು. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಇದಕ್ಕೆ ಜನರ ಬಾಯಲ್ಲಿಯೂ ಕಡತಗಳಲ್ಲಿಯೂ "ಟೆಂಪಲ್ ಕೂಲಿ" ಎಂಬ ಹೆಸರು ನಿಂತಿತು. ಮುಂಬಯಿ ಪ್ರಾಂತ್ಯದಲ್ಲಿಯೂ ಸರ್ಕಾರ ಕೂಲಿಯನ್ನು ಇದೇ ಮಾದರಿಯಲ್ಲಿ ಇಳಿಸಿತು. ಅದೇ ವರ್ಷ ಟೆಂಪಲ್ ಮುಂಬಯಿಯ ಗವರ್ನರರಾಗಿಯೂ ಅಧಿಕಾರ ವಹಿಸಿಕೊಂಡರು.

ನಮ್ಮ ಹಿರಿಯರು ಪೌಂಡನ್ನು ರತ್ತಲು ಎಂದು ಕರೆಯುತ್ತಿದ್ದರು. ಒಂದು ರತ್ತಲೆಂದರೆ ಸುಮಾರು 454 ಗ್ರಾಂ. ಅಷ್ಟು ಜೋಳವನ್ನು ಬೀಸಿ ಬಡಿದರೆ ನಾಲ್ಕೈದು ದೊಡ್ಡ ರೊಟ್ಟಿಗಳಾಗಬಹುದು. ಮೇಲ್ನೋಟಕ್ಕೆ ಇದು ಅನ್ಯಾಯವೆನಿಸದೆ ಇರಬಹುದು. ಇಂದು ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರು ದಿನಕ್ಕೆ ಐದು ರೊಟ್ಟಿ ತಿನ್ನುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಆ ರೊಟ್ಟಿಯ ಜೊತೆಗೆ ಬೇಳೆಯಿಲ್ಲ, ಪಲ್ಯವಿಲ್ಲ, ಮಜ್ಜಿಗೆಯಿಲ್ಲ, ಹಿಂಡಿಯಿಲ್ಲ. ಉಪ್ಪು, ಮೆಣಸಿನಕಾಯಿ, ಉರುವಲು ಎಲ್ಲವೂ ಆ ಚಿಲ್ಲರೆ ಕಾಸಿನಲ್ಲಿಯೇ ಆಗಬೇಕು. ಇಂದಿನ ಲೆಕ್ಕದಲ್ಲಿ ಒಂದು ರತ್ತಲು ಜೋಳ ಕೊಡುವ ಶಕ್ತಿ ಸುಮಾರು 1500ರಿಂದ 1600 ಕ್ಯಾಲೊರಿ. ಕಷ್ಟದ ದೈಹಿಕ ದುಡಿಮೆ ಮಾಡುವ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ ಸುಮಾರು 3500 ಕ್ಯಾಲೊರಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂದು ಹೇಳುತ್ತದೆ. ಅಂದಿನವರ ಮೈ ಇನ್ನೂ ಚಿಕ್ಕದಾಗಿತ್ತೆಂದು ಒಪ್ಪಿಕೊಂಡರೂ ಅಂತರ ಅಗಾಧವಾದುದು. ಹಸಿದು ಸೊರಗಿ ಬಂದವನು ಕಲ್ಲು ಒಡೆದು, ಮಣ್ಣು ಹೊತ್ತು, ಆ ದುಡಿಮೆಗೆ ಬೇಕಾದ ಶಕ್ತಿಯ ಅರ್ಧದಷ್ಟನ್ನು ಮಾತ್ರ ಪಡೆಯುತ್ತಿದ್ದನು. ಉಳಿದದ್ದನ್ನು ಅವನು ತನ್ನ ಮಾಂಸಖಂಡಗಳಿಂದಲೇ ತೆರಬೇಕಾಗಿತ್ತು.

ವೈದ್ಯನೊಬ್ಬನ ತಕರಾರು

ಈ ಅಂಕಿಯನ್ನು ಪ್ರಶ್ನಿಸಿದವರು ಡಾ. ವಿಲಿಯಂ ರಾಬರ್ಟ್ ಕಾರ್ನಿಷ್. ಅವರು ಮದ್ರಾಸು ಪ್ರಾಂತ್ಯದ ಆರೋಗ್ಯ ಕಮಿಷನರಾಗಿದ್ದರು. ನಮ್ಮ ನೆರೆಯ ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಕಾರ್ನಿಷ್ ಅವರಿಗೆ ಈ ವಿಷಯ ಹೊಸದಾಗಿರಲಿಲ್ಲ. 1860ರ ದಶಕದಲ್ಲಿಯೇ ಮದ್ರಾಸು ಪ್ರಾಂತ್ಯದ ಜನರು ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂಬ ಬಗ್ಗೆ ಅವರು ಮಾಹಿತಿ ಕಲೆಹಾಕಿ ವರದಿ ಸಿದ್ಧಪಡಿಸಿದ್ದರು. ಆದ್ದರಿಂದ ಬಡ ಕೂಲಿಕಾರನು ಒಳ್ಳೆಯ ವರ್ಷದಲ್ಲಿ ಉಣ್ಣುವ ಪ್ರಮಾಣ ಎಷ್ಟೆಂಬುದು ಅವರಿಗೆ ಊಹೆಯ ಮಾತಾಗಿರಲಿಲ್ಲ.

ಅವರ ವಾದ ಮೂರು ನೆಲೆಗಳದ್ದಾಗಿತ್ತು. ಮೊದಲನೆಯದಾಗಿ, ಧಾನ್ಯವೊಂದೇ ಆಹಾರವಲ್ಲ. ದೇಹ ಕಟ್ಟುವ ಸತ್ತ್ವಕ್ಕಾಗಿ ಬೇಳೆಕಾಳು ಬೇಕು. ಎರಡನೆಯದಾಗಿ, ಸರ್ಕಾರದ ಸೆರೆಮನೆಗಳಲ್ಲಿ ಕಠಿಣ ದುಡಿಮೆಯ ಶಿಕ್ಷೆಗೆ ಒಳಗಾದ ಕೈದಿಗೂ ಇದಕ್ಕಿಂತ ಹೆಚ್ಚು ಆಹಾರ ಕೊಡಲಾಗುತ್ತಿದೆ. ಅಪರಾಧಿಗೆ ಕೊಡುವುದನ್ನು ನಿರಪರಾಧಿಯಾದ ರೈತನಿಗೆ ಕೊಡದಿರುವುದು ಯಾವ ನ್ಯಾಯ? ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಸಾಕೇ ಸಾಲದೇ ಎಂಬುದನ್ನು ಧಾನ್ಯದ ತೂಕದಿಂದ ತಿಳಿಯಲಾಗದು, ಅದನ್ನು ತಿನ್ನುವವರ ಮೈ ನೋಡಿ ತಿಳಿಯಬೇಕು. ಒಂದು ರತ್ತಲು ಸಾಕಾಗಬಹುದು, ಪ್ರಯತ್ನಿಸಿ ನೋಡೋಣ ಎಂಬುದು ಟೆಂಪಲ್ ಅವರ ನಿಲುವಾಗಿತ್ತು. ಆ ಪ್ರಯತ್ನದ ಫಲ ಶಿಬಿರಗಳಲ್ಲಿ ವೈದ್ಯರ ಕಣ್ಣ ಮುಂದೆಯೇ ಇತ್ತು. ಜನರು ದಿನದಿನಕ್ಕೆ ಸೊರಗುತ್ತಿದ್ದರು, ಭೇದಿ ಮತ್ತು ರಕ್ತಭೇದಿಗಳಿಂದ ಸಾಯುತ್ತಿದ್ದರು. ಬಹಳ ದಿನ ಹಸಿದವನ ಕರುಳು ಒಳಗಿನಿಂದಲೇ ಸವೆದುಹೋಗಿರುತ್ತದೆ, ಅನಂತರ ಆಹಾರ ಕೊಟ್ಟರೂ ಅದು ಮೈಗೆ ಹತ್ತುವುದಿಲ್ಲ ಎಂಬ ಸಂಗತಿಯನ್ನು ಮದ್ರಾಸಿನ ವೈದ್ಯ ಅಲೆಕ್ಸಾಂಡರ್ ಪೋರ್ಟರ್ ಶವಪರೀಕ್ಷೆಗಳ ಮೂಲಕ ಕಂಡುಕೊಂಡು, 1889ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಕಾರ್ನಿಷ್ ಅವರ ತಕರಾರು ವ್ಯರ್ಥವಾಗಲಿಲ್ಲ. 1877ರ ಮೇ ತಿಂಗಳ ಕೊನೆಯ ಹೊತ್ತಿಗೆ ಮದ್ರಾಸು ಸರ್ಕಾರವು ಟೆಂಪಲ್ ಕೂಲಿಯನ್ನು ಕೈಬಿಟ್ಟು ಪ್ರಮಾಣವನ್ನು ಏರಿಸಿತು. ಇತ್ತ ಮುಂಬಯಿ ಪ್ರಾಂತ್ಯದಲ್ಲಿ ಜನರೇ ತಮ್ಮ ಉತ್ತರ ಕೊಟ್ಟರು. ಕೂಲಿ ಇಳಿದದ್ದನ್ನು ಕಂಡು ಸಾವಿರಾರು ಮಂದಿ ಕಾಮಗಾರಿಗಳನ್ನು ತೊರೆದು ಹೊರನಡೆದರು. ಹಸಿದ ಜನ ಹೂಡಿದ ಮುಷ್ಕರವದು. ಪುಣೆಯ ಸಾರ್ವಜನಿಕ ಸಭೆಯು ಗಣೇಶ ವಾಸುದೇವ ಜೋಶಿಯವರ ಮುಂದಾಳತ್ವದಲ್ಲಿ ಜಿಲ್ಲೆಗಳಿಂದ ವರದಿಗಳನ್ನು ತರಿಸಿ, ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಸಲ್ಲಿಸಿತು. ಆಹಾರದ ಪ್ರಮಾಣವು ಸಾರ್ವಜನಿಕ ಚರ್ಚೆಯ ವಿಷಯವೂ ಹೌದು ಎಂಬುದನ್ನು ಈ ನಾಡು ಬಹುಶಃ ಮೊದಲ ಬಾರಿಗೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಆಗಲೇ.

ಎಣಿಕೆಯಲ್ಲಿ ಕಂಡ ಸತ್ಯ

1872ರ ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದನೆಯ ಒಂದು ಪಾಲಿನಷ್ಟು ಇಳಿದುಹೋಯಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಐವತ್ತು ಲಕ್ಷ ಮೀರಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರೆಂದು ಸರ್ಕಾರದ ಲೆಕ್ಕವೇ ಹೇಳಿತು. ಇಷ್ಟು ಸಾವುಗಳ ಹೊಣೆಯನ್ನು ಒಂದು ರತ್ತಲಿನ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಮಳೆಯ ಸೋಲು, ಧಾನ್ಯದ ಬೆಲೆಯೇರಿಕೆ, ಹಸಿವಿನ ಮಧ್ಯೆಯೂ ನಿಲ್ಲದ ಧಾನ್ಯದ ರಫ್ತು, ತಡವಾಗಿ ಬಂದ ಪರಿಹಾರ, ಹಸಿವಿನ ಬೆನ್ನಿಗೆ ಬಂದ ಕಾಲರಾ ಮತ್ತು ಜ್ವರ, ಇವೆಲ್ಲವೂ ಪಾಲುದಾರರೇ. ಆದರೆ ಪರಿಹಾರವನ್ನರಸಿ ಬಂದವರಿಗೆ ಕೊಟ್ಟ ತುತ್ತಿನ ಪ್ರಮಾಣವು ಅವರನ್ನು ರೋಗಕ್ಕೆ ಎದುರು ನಿಲ್ಲಿಸುವಷ್ಟು ಇರಲಿಲ್ಲ ಎಂಬುದಂತೂ ನಿಜ.

ಆ ದುರಂತದಿಂದ ಕೆಲವು ಪಾಠಗಳೂ ಹುಟ್ಟಿದವು. ಸರ್ ರಿಚರ್ಡ್ ಸ್ಟ್ರೇಚಿ ಅವರ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ವರದಿ ನೀಡಿತು. ದುಡಿಯುವ ಪುರುಷನಿಗೆ ಸುಮಾರು ಒಂದೂವರೆ ರತ್ತಲು ಧಾನ್ಯ, ಅದರ ಜೊತೆಗೆ ಬೇಳೆ, ಉಪ್ಪು ಮುಂತಾದವು ಸಿಗುವಂತಿರಬೇಕು ಎಂದು ಅದು ಒಪ್ಪಿಕೊಂಡಿತು. ಎಂದರೆ ಕಾರ್ನಿಷ್ ಅವರ ಮಾತು ಹೆಚ್ಚುಕಡಿಮೆ ಗೆದ್ದಿತು. ಅನಂತರ ಬಂದ ಕ್ಷಾಮ ಸಂಹಿತೆಗಳಲ್ಲಿ ಯಾರಿಗೆ, ಯಾವಾಗ, ಎಷ್ಟು ಕೊಡಬೇಕೆಂಬುದನ್ನು ಮುಂಚಿತವಾಗಿಯೇ ಬರೆದಿಡಲಾಯಿತು. ಬರದ ಊರುಗಳಿಗೆ ಧಾನ್ಯ ತಲುಪಿಸಲು ಹೊಟಗಿ-ಗದಗ ರೈಲು ಮಾರ್ಗವೂ 1880ರ ದಶಕದಲ್ಲಿ ಸಿದ್ಧವಾಯಿತು. ಇಂದು ವಿಜಯಪುರದ ನಿಲ್ದಾಣದಲ್ಲಿ ಇಳಿದು ಗೋಳಗುಮ್ಮಟವನ್ನು ಕಣ್ತುಂಬ ನೋಡುವ ಪ್ರವಾಸಿಗೆ, ತಾನು ಬಂದ ಹಳಿಗಳ ಹಿಂದೆ ಹಸಿವಿನ ನೆನಪಿದೆ ಎಂಬುದು ತಿಳಿದಿರಲಾರದು. ಬರವನ್ನು ಎದುರಿಸುವ ಬೇಸಾಯಕ್ಕಾಗಿ 1930ರ ದಶಕದಲ್ಲಿ ಸೊಲ್ಲಾಪುರ, ರಾಯಚೂರು, ಹಗರಿಗಳ ಜೊತೆಗೆ ವಿಜಯಪುರದಲ್ಲಿಯೂ ಒಣಬೇಸಾಯ ಸಂಶೋಧನಾ ಕೇಂದ್ರ ಆರಂಭವಾಯಿತು.

ಹಸಿವನ್ನು ಅಳೆದವರು

ಟೆಂಪಲ್ ಮತ್ತು ಕಾರ್ನಿಷ್ ವಾದಿಸುತ್ತಿದ್ದ ಕಾಲದಲ್ಲಿ ದೇಹಕ್ಕೆ ಬೇಕಾದ ಶಕ್ತಿಯನ್ನು ಕರಾರುವಾಕ್ಕಾಗಿ ಅಳೆಯುವ ವಿದ್ಯೆ ಇನ್ನೂ ಬೆಳೆದಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಆ ವಿದ್ಯೆ ಬೆಳೆಯಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಪ್ರಯೋಗಾಲಯವನ್ನು ಅನಂತರ ವ್ಯಾಲೇಸ್ ಅಯ್ಕ್ರಾಯ್ಡ್ ಮುನ್ನಡೆಸಿದರು. ನಮ್ಮ ನಾಡಿನ ಜೋಳ, ರಾಗಿ, ಬೇಳೆ, ಸೊಪ್ಪುಗಳಲ್ಲಿ ಯಾವ ಸತ್ತ್ವ ಎಷ್ಟಿದೆ, ಅವುಗಳಿಂದ ಸಾಕಷ್ಟು ಊಟವನ್ನು ಹೇಗೆ ಯೋಜಿಸಬಹುದು ಎಂಬುದನ್ನು 1937ರಲ್ಲಿ ಅವರು ಕೈಪಿಡಿಯ ರೂಪದಲ್ಲಿ ಪ್ರಕಟಿಸಿದರು. ಆ ಪ್ರಯೋಗಾಲಯವೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಆದರೆ ಒಂದು ರತ್ತಲಿನ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಬಂದದ್ದು ದೂರದ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಿಂದ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಯೂರೋಪಿನ ಹಸಿದ ಜನರನ್ನು ಮತ್ತೆ ಆರೋಗ್ಯಕ್ಕೆ ತರುವುದು ಹೇಗೆಂದು ತಿಳಿಯಲು ವಿಜ್ಞಾನಿ ಆನ್ಸೆಲ್ ಕೀಸ್ 1944-45ರಲ್ಲಿ ಒಂದು ಪ್ರಯೋಗ ನಡೆಸಿದರು. ಅದಕ್ಕೆ ಒಪ್ಪಿ ಬಂದವರು 36 ಮಂದಿ ಯುವಕರು. ತಮ್ಮ ಅಂತಃಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲು ನಿರಾಕರಿಸಿದವರು ಅವರು. ಮೆನೊನೈಟ್, ಬ್ರೆದರನ್, ಕ್ವೇಕರ್ ಮುಂತಾದ ಶಾಂತಿವಾದಿ ಸಭೆಗಳಿಂದ ಹಲವರು ಬಂದಿದ್ದರು. ಕೊಲ್ಲುವುದಿಲ್ಲ, ಆದರೆ ಇತರರ ಜೀವ ಉಳಿಸಲು ನಾವೇ ಹಸಿದಿರುತ್ತೇವೆ ಎಂಬುದು ಅವರ ನಿಲುವು. ಆರು ತಿಂಗಳ ಕಾಲ ಅವರಿಗೆ ದಿನಕ್ಕೆ ಸುಮಾರು 1570 ಕ್ಯಾಲೊರಿಯಷ್ಟು ಆಹಾರ ಕೊಡಲಾಯಿತು. ಓದುಗರು ಗಮನಿಸಬೇಕು: ಇದು ಒಂದು ರತ್ತಲು ಜೋಳದ ಶಕ್ತಿಗೆ ಹೆಚ್ಚುಕಡಿಮೆ ಸಮ. ಆ ಯುವಕರು ತಮ್ಮ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಶಕ್ತಿ ಕುಂದಿತು, ನಗು ಮಾಯವಾಯಿತು, ಹಗಲೂ ರಾತ್ರಿಯೂ ಆಹಾರದ ಯೋಚನೆಯೇ ತುಂಬಿತು. ಅವರು ಆರಂಭದಲ್ಲಿ ಆರೋಗ್ಯವಂತರಾಗಿದ್ದರು, ವೈದ್ಯರ ಕಣ್ಗಾವಲಿನಲ್ಲಿದ್ದರು, ಕಲ್ಲು ಒಡೆಯಬೇಕಾಗಿರಲಿಲ್ಲ. 1877ರ ಕಲಾದಗಿಯ ಕೂಲಿಕಾರನಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ.

ಶಾಲೆಯ ತಟ್ಟೆ

ಸ್ವತಂತ್ರ ಭಾರತದಲ್ಲಿ ತುತ್ತಿನ ಅಳತೆಯ ಪ್ರಶ್ನೆ ಬೇರೆ ರೂಪದಲ್ಲಿ ನಮ್ಮ ಮುಂದೆ ಬಂದಿತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಮಧ್ಯಾಹ್ನದೂಟ ಕೊಡಬೇಕೆಂದು ಆದೇಶಿಸಿತು. ಆ ಊಟದಲ್ಲಿ ಕನಿಷ್ಠ 300 ಕ್ಯಾಲೊರಿ ಶಕ್ತಿ ಮತ್ತು 8ರಿಂದ 12 ಗ್ರಾಂ ಪ್ರೋಟೀನು ಇರಬೇಕೆಂದೂ ಹೇಳಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಉತ್ತರದ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ದಾಸೋಹವೆಂಬ ಮಾತಿಗೆ ಹೊಸ ಅರ್ಥ ಕೊಟ್ಟ ಬಸವಣ್ಣನವರು ಹುಟ್ಟಿದ ಜಿಲ್ಲೆಯಲ್ಲಿಯೇ ಆ ಹೆಸರಿನ ಊಟ ಮೊದಲು ಬಡಿಸಲ್ಪಟ್ಟದ್ದು ಅರ್ಥಪೂರ್ಣವಾಗಿದೆ. ಅನಂತರ ಪ್ರಮಾಣವನ್ನು ಏರಿಸಲಾಯಿತು. ಕಿರಿಯ ಮಕ್ಕಳಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನು ಎಂಬುದು ನಿಯಮವಾಯಿತು.

ಇಲ್ಲಿಯೂ ಕಾರ್ನಿಷ್ ಅವರ ಪಾಠ ಮತ್ತೆ ಕಾಣಿಸಿಕೊಂಡಿತು. ಅನ್ನ ಮತ್ತು ಸಾರಿನಿಂದ ಹೊಟ್ಟೆ ತುಂಬಬಹುದು, ಆದರೆ ಮಗು ಬೆಳೆಯುವುದೇ? 2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿದಂತೆ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಸರ್ಕಾರ ಆರಂಭಿಸಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿನ ವ್ಯವಸ್ಥೆಯಾಯಿತು. ಈ ಬಗ್ಗೆ ವಾದವಿವಾದಗಳು ಸಾಕಷ್ಟು ನಡೆದವು. ಕೊನೆಗೆ ಮಾತಿಗಿಂತ ಹೆಚ್ಚು ಹೇಳಿದ್ದು ತಕ್ಕಡಿ. ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನೂ ಪಡೆಯದ ಗದಗದ ಮಕ್ಕಳನ್ನೂ ತೂಗಿ ಹೋಲಿಸಿದಾಗ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂದಿತು. 2022ರಲ್ಲಿ ಈ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಧಾನ್ಯವನ್ನು ತೂಗಿ ತೃಪ್ತರಾಗುವುದಕ್ಕೂ ಮಗುವನ್ನು ತೂಗಿ ನೋಡುವುದಕ್ಕೂ ಇರುವ ವ್ಯತ್ಯಾಸವಿದು.

ತಾಯಿಯ ತುತ್ತು, ಮಗನ ಹೃದಯ

ತುತ್ತಿನ ಅಳತೆಯ ಪರಿಣಾಮ ಒಂದೇ ತಲೆಮಾರಿಗೆ ಮುಗಿಯುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಸಾಕ್ಷಿಯಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಮಿಷನರಿಗಳು ಕಟ್ಟಿದ ಸಂಸ್ಥೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿಯ ಹೆರಿಗೆ ವಿಭಾಗದಲ್ಲಿ 1934ರಿಂದ ಹುಟ್ಟಿದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಅಚ್ಚುಕಟ್ಟಾಗಿ ಬರೆದಿಡಲಾಗಿತ್ತು. ಆ ದಾಖಲೆಗಳನ್ನು ಹಿಡಿದು 1990ರ ದಶಕದಲ್ಲಿ ಸಂಶೋಧಕರು ಅಂದಿನ ಶಿಶುಗಳನ್ನು, ಅಂದರೆ ನಡುವಯಸ್ಸಿನ ಐನೂರಕ್ಕೂ ಹೆಚ್ಚು ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕದ ಗಮನ ಸೆಳೆಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ಮೀರಿ ಹುಟ್ಟಿದವರಲ್ಲಿ ಅದು ನೂರಕ್ಕೆ ಸುಮಾರು 3 ಮಾತ್ರ. ತಾಯಿಯ ತೂಕವೂ ಕಡಿಮೆಯಿದ್ದಲ್ಲಿ ಅಪಾಯ ಇನ್ನೂ ಹೆಚ್ಚಾಗಿತ್ತು.

ಎಂದರೆ, ಬಸುರಿ ಹೆಂಗಸಿನ ತಟ್ಟೆಯಲ್ಲಿ ಕಡಿಮೆಯಾದ ತುತ್ತು ಐವತ್ತು ವರ್ಷಗಳ ನಂತರ ಅವಳ ಮಗನ ಹೃದಯದಲ್ಲಿ ಕಾಣಿಸಿಕೊಳ್ಳಬಹುದು. ಪ್ರತಿದಿನವೂ ನಿಷ್ಠೆಯಿಂದ ತಕ್ಕಡಿಯ ಮುಂದೆ ನಿಂತು ಬರೆದಿಟ್ಟ ಹೆಸರಿಲ್ಲದ ದಾದಿಯರ ಶ್ರಮದಿಂದ ಈ ಸತ್ಯ ಹೊರಬಂದಿತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು 2017ರ ಅಕ್ಟೋಬರಿನಲ್ಲಿ ಕರ್ನಾಟಕವು ರಾಜ್ಯದಾದ್ಯಂತ ಜಾರಿಗೆ ತಂದದ್ದರ ಮಹತ್ವವನ್ನು ಈ ಬೆಳಕಿನಲ್ಲಿ ನೋಡಬೇಕು.

ಹೆಚ್ಚಾದ ತುತ್ತು

ಇಂದು ಕಥೆಗೆ ಇನ್ನೊಂದು ಮಗ್ಗುಲೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ಅತಿತೂಕದವರು. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಕೊರತೆಯೂ ಅತಿಯೂ ಒಟ್ಟಿಗೆ ಕುಳಿತು ಉಣ್ಣುತ್ತಿವೆ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವು 2023ರಲ್ಲಿ ಅಂದಾಜು ಮಾಡಿತು.

ಹೆಚ್ಚು ಬಡಿಸಿದರೆ ಮನುಷ್ಯ ಹೆಚ್ಚು ತಿನ್ನುತ್ತಾನೆ, ಅದು ಅವನ ಅರಿವಿಗೂ ಬರುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದೇ ಬಗೆಯ ಊಟವನ್ನು ಬೇರೆ ಬೇರೆ ದಿನ ಬೇರೆ ಬೇರೆ ಪ್ರಮಾಣದಲ್ಲಿ ಬಡಿಸಲಾಯಿತು. ಅರ್ಧ ಕಿಲೋ ಬಡಿಸಿದ ದಿನಕ್ಕಿಂತ ಒಂದು ಕಿಲೋ ಬಡಿಸಿದ ದಿನ ಜನ ನೂರಕ್ಕೆ 30ರಷ್ಟು ಹೆಚ್ಚು ತಿಂದರು. ಪ್ರಮಾಣ ಬದಲಾದದ್ದನ್ನು ಗಮನಿಸಿದವರು ಅರ್ಧಕ್ಕಿಂತ ಕಡಿಮೆ. ನಮ್ಮ ಮದುವೆ, ಹಬ್ಬ, ಹರಕೆಯ ಊಟಗಳನ್ನು ನೆನೆದರೆ ಇದನ್ನು ನಂಬಲು ಕಷ್ಟವಾಗದು.

ಆದರೂ ಪ್ರಮಾಣವೆಂಬುದು ಬರಿಯ ಹೆಚ್ಚು ಕಡಿಮೆಯ ಮಾತಲ್ಲ, ಯಾವುದು ಎಷ್ಟು ಎಂಬ ಮಾತೂ ಹೌದು. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45ನ್ನು ಮೀರಬಾರದು, ಉಳಿದದ್ದು ಬೇಳೆಕಾಳು, ತರಕಾರಿ, ಹಾಲು, ಹಣ್ಣು, ಶೇಂಗಾದಂಥವುಗಳಿಂದ ಬರಬೇಕು ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ತಿಳಿಸುತ್ತದೆ. ವಿಜಯಪುರದ ಹಳೆಯ ಊಟವನ್ನು ನೆನಪಿಸಿಕೊಳ್ಳಿ: ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಮೆಂತ್ಯ, ಹಕ್ಕರಕಿ, ಗಟ್ಟಿ ಮೊಸರು. ಆ ತಟ್ಟೆಯಲ್ಲಿ ರೊಟ್ಟಿ ರಾಜನಾದರೂ ಒಂಟಿಯಲ್ಲ. ಪಡಿತರದ ಅಕ್ಕಿ ನಮ್ಮ ಬಡವರನ್ನು ಹಸಿವಿನಿಂದ ಕಾಪಾಡಿದೆ, ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅನ್ನದ ರಾಶಿಯ ಮೇಲೆ ತೆಳ್ಳನೆಯ ಸಾರು ಸುರಿದುಕೊಂಡು ಉಂಡರೆ, ನಾವು ಬೇರೊಂದು ದಾರಿಯಿಂದ ಅದೇ "ಧಾನ್ಯವೊಂದೇ ಸಾಕು" ಎಂಬ ಹಳೆಯ ತಪ್ಪಿನ ಬಳಿಗೆ ಮರಳಿದಂತಾಗುತ್ತದೆ.

ಯಾರ ಪಾಲು ಎಷ್ಟು?

ಪ್ರಿಯ ಓದುಗರೇ, ಟೆಂಪಲ್ ಅವರನ್ನು ಕ್ರೂರಿಯೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಮೂರು ವರ್ಷ ಮೊದಲು ಬಿಹಾರದಲ್ಲಿ ಲಕ್ಷಾಂತರ ಜನರನ್ನು ಉಳಿಸಿದವರೂ ಅವರೇ ಎಂಬುದನ್ನು ಮರೆಯಲಾಗದು. ಇತರರ ಮೆಚ್ಚುಗೆಗಾಗಿ, ಖರ್ಚಿನ ಭಯಕ್ಕಾಗಿ, ಎದುರಿಗಿದ್ದವರ ಮುಖದಿಂದ ಕಣ್ಣು ತೆಗೆದು ಅಂಕಿಯನ್ನೇ ನೋಡತೊಡಗಿದಾಗ ಒಳ್ಳೆಯ ಆಡಳಿತಗಾರನೂ ಕುರುಡನಾಗುತ್ತಾನೆ. ಈ ಕುರುಡು ಸರ್ಕಾರಗಳಿಗೆ ಮಾತ್ರ ಬರುವಂಥದಲ್ಲ. 1877ರ ಕೂಲಿಯ ಪಟ್ಟಿಯಲ್ಲಿ ಹೆಂಗಸಿನ ಪಾಲು ಗಂಡಸಿಗಿಂತ ಕಡಿಮೆಯಿತ್ತು. ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ಆ ಪಟ್ಟಿ ಇಂದಿಗೂ ಜಾರಿಯಲ್ಲಿದೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ಅವಳಿಗೆ. ಪಲ್ಯ ತೀರಿದ್ದರೆ ರೊಟ್ಟಿಗೆ ಖಾರ ಹಚ್ಚಿಕೊಂಡು ಅವಳ ಊಟ ಮುಗಿಯುತ್ತದೆ. ಬಸುರಿಯಾದ ಸೊಸೆಯೂ ಕೊನೆಯಲ್ಲಿಯೇ ಉಣ್ಣುವ ಮನೆಗಳಿವೆ. ಅದೇ ಮನೆಯಲ್ಲಿ ಯಜಮಾನರಿಗೆ ಸಕ್ಕರೆ ಕಾಯಿಲೆಯ ಗುಳಿಗೆ, ಮೊಮ್ಮಗನಿಗೆ ಎರಡು ಬಾರಿ ಬಡಿಸಿದ ಸಿಹಿ.

ಇದನ್ನು ಸರಿಪಡಿಸಲು ಆಯೋಗ ಬೇಕಿಲ್ಲ, ಸಂಹಿತೆ ಬೇಕಿಲ್ಲ. ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ರೂಢಿ ಮಾಡಿಕೊಂಡರೆ ಯಾರ ತಟ್ಟೆಯಲ್ಲಿ ಏನಿಲ್ಲ ಎಂಬುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬೇಳೆ, ಪಲ್ಯ, ಮೊಸರುಗಳನ್ನು ಮೊದಲು ಬಸುರಿಗೆ, ಬಾಣಂತಿಗೆ, ಬೆಳೆಯುವ ಹುಡುಗಿಗೆ ಬಡಿಸಬಹುದು. ವಯಸ್ಸಾದವರಿಗೂ ಕುಳಿತು ದುಡಿಯುವವರಿಗೂ ಬಡಿಸುವಾಗ ಒತ್ತಾಯವನ್ನು ಪ್ರೀತಿಯ ಗುರುತೆಂದು ಭಾವಿಸದಿರಬಹುದು. ಅಂಗನವಾಡಿಯ ಅಕ್ಕ ಮಗುವನ್ನು ತೂಗಿ ಚೀಟಿಯಲ್ಲಿ ಬರೆದ ಅಂಕಿಯನ್ನು ಓದಿ, ಕಳೆದ ತಿಂಗಳಿಗಿಂತ ಏರಿದೆಯೇ ಎಂದು ಕೇಳಬಹುದು. ಊರಿನ ಶಾಲೆಯಲ್ಲಿ ಬಿಸಿಯೂಟದ ಪ್ರಮಾಣ ನಿಯಮದಂತೆ ಇದೆಯೇ ಎಂದು ತಿಂಗಳಿಗೊಮ್ಮೆ ಹೋಗಿ ನೋಡಬಹುದು. ಪುಣೆಯ ಸಭೆಯವರು ಅಂದು ಮಾಡಿದ್ದು ಇದನ್ನೇ.

ತುತ್ತು ದೊಡ್ಡದಾಗಿರಬೇಕೇ ಚಿಕ್ಕದಾಗಿರಬೇಕೇ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಉಣ್ಣುವವರ ಮೈಯನ್ನೂ ಮುಖವನ್ನೂ ನೋಡಿ ಬಡಿಸಿದ ತುತ್ತು ಸರಿಯಾದ ಅಳತೆಯದು. ಕಾರ್ನಿಷ್ ತಮ್ಮ ಸರ್ಕಾರಕ್ಕೆ ನೆನಪಿಸಿದ್ದು, ನಮ್ಮ ತಾಯಂದಿರು ಯಾರೂ ಹೇಳಿಕೊಡದೆಯೇ ತಿಳಿದಿದ್ದದ್ದು ಇದನ್ನೇ. ಆ ತಾಯಿಗೂ ಯಾರಾದರೂ ಒಬ್ಬರು ಮುಖ ನೋಡಿ ಬಡಿಸುವಂತಾಗಲಿ.